ಪುಯಿ-ಲ-ಫೋರ್, 1881: ಆಂಥ್ರಾಕ್ಸ್ ಲಸಿಕೆಯ ಬಹಿರಂಗ ಪರೀಕ್ಷೆ – ಒಂದು ಪ್ರಕರಣ ಅಧ್ಯಯನ

1881ರ ಏಪ್ರಿಲ್ 28ರಂದು ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಜಾನುವಾರುಗಳನ್ನು ಕೊಲ್ಲುವ ಆಂಥ್ರಾಕ್ಸ್ ರೋಗಕ್ಕೆ ತಮ್ಮ ಲಸಿಕೆಯನ್ನು ಎಲ್ಲರೆದುರು ಪರೀಕ್ಷಿಸುವ ಒಪ್ಪಂದ ಅದು. ಎದುರು ಪಕ್ಷ ಫ್ರಾನ್ಸಿನ ಮೆಲನ್ ಪಟ್ಟಣದ ಕೃಷಿ ಸಂಘ. ಸಂಘದವರು 60 ಕುರಿ ಕೊಡುತ್ತಾರೆ. ಅದರಲ್ಲಿ 10 ಕುರಿಗಳನ್ನು ಯಾರೂ ಮುಟ್ಟುವ ಹಾಗಿಲ್ಲ. 25 ಕುರಿಗಳಿಗೆ ಎರಡು ಸಲ ಲಸಿಕೆ ಕೊಡಬೇಕು, ನಡುವೆ 12ರಿಂದ 15 ದಿನದ ಅಂತರ. ಆಮೇಲೆ ಅಷ್ಟೇ ದಿನ ಬಿಟ್ಟು, ಈ 25 ಕುರಿಗಳಿಗೂ ಲಸಿಕೆ ಇಲ್ಲದ ಇನ್ನೊಂದು 25 ಕುರಿಗಳಿಗೂ ಕೊಲ್ಲುವಷ್ಟು ಬಲದ ಆಂಥ್ರಾಕ್ಸ್ ರೋಗಾಣು ಚುಚ್ಚಬೇಕು. ಲಸಿಕೆ ಇಲ್ಲದ 25 ಕುರಿಗಳೂ ಸಾಯುತ್ತವೆ, ಲಸಿಕೆ ಪಡೆದ 25 ಕುರಿಗಳೂ ಬದುಕುತ್ತವೆ ಅಂತ ಪಾಶ್ಚರ್ ಮುಂಚೆಯೇ ಬರೆದು ಕೊಟ್ಟರು. ಬದುಕಿದವನ್ನು ಮುಟ್ಟದೆ ಬಿಟ್ಟ 10 ಕುರಿಗಳ ಜೊತೆ ಇಟ್ಟು ನೋಡಿದರೆ, ಲಸಿಕೆಯಿಂದ ಅವುಗಳಿಗೆ ಏನಾದರೂ ಕೆಡುಕಾಗಿದೆಯಾ ಅನ್ನುವುದೂ ಗೊತ್ತಾಗುತ್ತದೆ.

ಇವತ್ತಿನ ಲಸಿಕೆ ಪರೀಕ್ಷೆಯ ಯೋಜನೆಯಲ್ಲಿ ಇರಬೇಕಾದ ಬಹುಪಾಲು ಸಂಗತಿ ಆ ಕಾಗದದಲ್ಲೇ ಇದೆ. ಫಲಿತಾಂಶ ಹೀಗೇ ಬರುತ್ತದೆ ಅಂತ ಮೊದಲೇ ಹೇಳಿದ್ದಾರೆ. ಹೋಲಿಸಿ ನೋಡಲು ಬೇರೆ ಗುಂಪು ಇದೆ. ಲಸಿಕೆಯ ಸುರಕ್ಷತೆ ನೋಡಲು ಮೂರನೇ ಗುಂಪೂ ಇದೆ. ಆದರೆ ಒಂದು ವಿಷಯ ಅದರಲ್ಲಿ ಇಲ್ಲ. ಚುಚ್ಚುವ ಸೀಸೆಯೊಳಗೆ ಇರುವುದು ಏನು, ಅದನ್ನು ಹೇಗೆ ತಯಾರಿಸಿದರು, ಯಾರು ಅದನ್ನು ತಪಾಸಣೆ ಮಾಡುತ್ತಾರೆ ಅನ್ನುವ ಮಾತೇ ಇಲ್ಲ. ನಂಬದವರು ಹಾಕಿದ ಷರತ್ತುಗಳಿಂದ ಈ ಪರೀಕ್ಷೆ ಗಟ್ಟಿಯಾಯಿತು. ಅವರು ಕೇಳದೆ ಬಿಟ್ಟ ಒಂದು ಪ್ರಶ್ನೆಯಿಂದ ಅದರಲ್ಲಿ ಒಂದು ತೂತು ಉಳಿಯಿತು. ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ರೋಗ ಮತ್ತು ಮಣ್ಣು

ಆಂಥ್ರಾಕ್ಸ್ ಅಂದರೆ ನಮ್ಮಲ್ಲಿ ನೆರಡಿ ರೋಗ. ಕುರಿ, ಮೇಕೆ, ದನಗಳಿಗೆ ಬರುತ್ತದೆ, ಅವುಗಳಿಂದ ಮನುಷ್ಯರಿಗೂ ಬರುತ್ತದೆ. ಕುರಿಗೆ ತಗುಲಿದರೆ ಹೆಚ್ಚು ಸಮಯ ಸಿಗುವುದಿಲ್ಲ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಮಂದೆಯಿಂದ ಹಿಂದೆ ಬೀಳುತ್ತದೆ, ನಡುಗುತ್ತದೆ, ಏದುಸಿರು ಬಿಡುತ್ತದೆ, ಬೀಳುತ್ತದೆ. ಸತ್ತ ಮೇಲೆ ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬರುತ್ತದೆ, ಆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೊಟ್ಟೆ ಕೊಯ್ದರೆ ಗುಲ್ಮ ಊದಿಕೊಂಡು ಕಪ್ಪಾಗಿ ಮೆತ್ತಗಾಗಿರುತ್ತದೆ. ಹಾಗೆ ಕೊಯ್ಯುವುದೇ ಅಪಾಯ. ಗಾಳಿ ಸೋಕಿದ ಕೂಡಲೇ ರೋಗಾಣು ಗಟ್ಟಿ ಕವಚದ ಬೀಜಕವಾಗುತ್ತದೆ, ಬೀಜಕ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ಈ ಬೀಜಕದ ಕಥೆಯನ್ನು ಬಿಡಿಸಿ ತೋರಿಸಿದವರು ಜರ್ಮನಿಯ ರಾಬರ್ಟ್ ಕಾಖ್, 1876ರಲ್ಲಿ. ರೋಗಾಣು ಉದ್ದ ದಾರದ ಹಾಗೆ ಬೆಳೆಯುವುದನ್ನೂ ಅದರೊಳಗೆ ಬೀಜಕ ಮೂಡುವುದನ್ನೂ ಆ ಬೀಜಕದಿಂದ ಮತ್ತೆ ರೋಗಾಣು ಹುಟ್ಟುವುದನ್ನೂ ಅವರು ಸೂಕ್ಷ್ಮದರ್ಶಕದ ಕೆಳಗೆ ಹಂತಹಂತವಾಗಿ ಕಂಡರು. ಫ್ರಾನ್ಸಿನ ಬೋಸ್ ಸೀಮೆಯಲ್ಲಿ ಕುರಿ ಮೇಯಿಸಿದರೆ ಸಾಯುವ ಕೆಲವು ಹೊಲಗಳಿದ್ದವು. ಅವಕ್ಕೆ ಶಾಪ ತಟ್ಟಿದೆ ಅಂತ ರೈತರು ನಂಬಿದ್ದರು. 1878ರಿಂದ ಶಾರ್ತ್ರ್ ಊರಿನ ಹತ್ತಿರ ಪಾಶ್ಚರ್ ಮತ್ತು ಅವರ ಸಹಾಯಕರು ಆ ಹೊಲಗಳಲ್ಲಿ ಕೆಲಸ ಮಾಡಿದರು. ಸತ್ತ ಕುರಿಗಳನ್ನು ಹೂತ ಜಾಗದಲ್ಲಿ ಎರೆಹುಳುಗಳು ಮಣ್ಣನ್ನು ಮೇಲಕ್ಕೆ ತಂದು ಹಾಕುವುದನ್ನು ನೋಡಿ, ಬೀಜಕವೂ ಹೀಗೇ ಮೇಲೆ ಬರುತ್ತದೆ ಅಂತ ಪಾಶ್ಚರ್ ವಾದಿಸಿದರು. ಮೆಲನ್ ಒಪ್ಪಂದದಲ್ಲೂ ಇದರ ಗುರುತಿದೆ. ಸತ್ತ ಕುರಿಗಳನ್ನು ಬೇಲಿ ಹಾಕಿದ ಜಾಗದಲ್ಲಿ ಬೇರೆಬೇರೆ ಗುಂಡಿಗಳಲ್ಲಿ ಹೂಳಬೇಕು, ಮುಂದಿನ ವರ್ಷ ಅದರ ಮೇಲೆ ಹೊಸ ಕುರಿಗಳನ್ನು ಬಿಟ್ಟು ನೋಡಬೇಕು ಅಂತ ಬರೆದಿದ್ದಾರೆ.

ಲಸಿಕೆ ಎಲ್ಲಿಂದ ಬಂತು

ಆಂಥ್ರಾಕ್ಸ್ ಲಸಿಕೆಯ ವಿಷಯದಲ್ಲಿ ಪಾಶ್ಚರ್ ಮೊದಲಿಗರಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ತುಲೂಸ್ ಪಶುವೈದ್ಯ ಶಾಲೆಯ ಪ್ರಾಧ್ಯಾಪಕ ಆನ್ರಿ ತೂಸಾಂ 1880ರ ಜುಲೈನಲ್ಲೇ ತಮ್ಮ ಲಸಿಕೆಯನ್ನು ಪ್ರಕಟಿಸಿದ್ದರು. ಆಂಥ್ರಾಕ್ಸ್ ಬಂದ ಪ್ರಾಣಿಯ ರಕ್ತವನ್ನು 55 ಡಿಗ್ರಿ ಬಿಸಿಯಲ್ಲಿ 10 ನಿಮಿಷ ಇಟ್ಟು, ಅದನ್ನು ಆರೋಗ್ಯವಾಗಿರುವ ಕುರಿಗಳಿಗೆ ಚುಚ್ಚಿದರು. ಆಮೇಲೆ ಕಾರ್ಬಾಲಿಕ್ ಆಮ್ಲ ಬೆರೆಸಿಯೂ ಪ್ರಯತ್ನಿಸಿದರು. ಅದೇ ಆಗಸ್ಟ್‌ನಲ್ಲಿ ಪ್ಯಾರಿಸ್ ಪಕ್ಕದ ಆಲ್ಫೋರ್‌ನಲ್ಲಿ 20 ಕುರಿಗಳ ಮೇಲೆ ಪರೀಕ್ಷೆ ನಡೆಯಿತು. ಅದರಲ್ಲಿ 4 ಕುರಿ ಲಸಿಕೆಯಿಂದಲೇ ಸತ್ತವು. ಉಳಿದ 16 ಆಮೇಲೆ ಕೊಟ್ಟ ಸೋಂಕನ್ನು ತಡೆದುಕೊಂಡವು. ದಾರಿ ಸರಿಯಿದೆ, ಹದ ಇನ್ನೂ ಸಿಕ್ಕಿಲ್ಲ ಅನ್ನುವುದು ಈ ಲೆಕ್ಕದಲ್ಲೇ ಕಾಣುತ್ತದೆ.

ಪಾಶ್ಚರ್ ಹಿಡಿದ ದಾರಿ ಬೇರೆ. ರೋಗಾಣುವನ್ನು ಕೋಳಿಮಾಂಸದ ಸಾರಿನಲ್ಲಿ 42ರಿಂದ 43 ಡಿಗ್ರಿಯಲ್ಲಿ, ಗಾಳಿ ಆಡುವ ಹಾಗೆ ಬೆಳೆಸಿದರು. ಆ ಬಿಸಿಯಲ್ಲಿ ರೋಗಾಣು ಬೆಳೆಯುತ್ತದೆ, ಆದರೆ ಬೀಜಕ ಕಟ್ಟುವುದಿಲ್ಲ. ದಿನ ಕಳೆದ ಹಾಗೆ ಅದರ ಬಲ ಇಳಿಯುತ್ತದೆ. ಗಾಳಿಯ ಆಮ್ಲಜನಕವೇ ಅದನ್ನು ದುರ್ಬಲಗೊಳಿಸುತ್ತದೆ ಅಂತ ಪಾಶ್ಚರ್ ನಂಬಿದ್ದರು. 1881ರ ಫೆಬ್ರವರಿ 28ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಇದನ್ನು ಸಾರಿದರು.

ಬಲ ಎಷ್ಟು ಇಳಿದಿದೆ ಅಂತ ಅಳೆಯುವುದು ಹೇಗೆ? ಆಗ ಇದ್ದ ಅಳತೆಗೋಲು ಪ್ರಾಣಿಗಳೇ. ಮೊದಲನೇ ಡೋಸಿನ ಲಸಿಕೆ ಇಲಿಯನ್ನೂ ಗಿನಿಪಿಗ್ ಮರಿಯನ್ನೂ ಕೊಲ್ಲಬೇಕು, ದೊಡ್ಡ ಗಿನಿಪಿಗ್ಗನ್ನು ಕೊಲ್ಲಬಾರದು. ಎರಡನೇ ಡೋಸು ದೊಡ್ಡ ಗಿನಿಪಿಗ್ಗನ್ನು ಕೊಲ್ಲುವಷ್ಟು ಬಲವಾಗಿರಬೇಕು, ಕುರಿಯನ್ನು ಕೊಲ್ಲಬಾರದು. ಚಿಕ್ಕ ಪ್ರಾಣಿಯ ಸಾವನ್ನು ನೋಡಿ ದೊಡ್ಡ ಪ್ರಾಣಿಯ ಸುರಕ್ಷತೆಯನ್ನು ಅಂದಾಜು ಮಾಡುವ ಪದ್ಧತಿ ಇದು. ಪಶು ಲಸಿಕೆಗಳ ಬ್ಯಾಚ್ ಪರೀಕ್ಷೆಯ, ಅಂದರೆ ಒಂದೊಂದು ಸಲ ತಯಾರಾದ ಲಸಿಕೆಯನ್ನು ಬೇರೆಬೇರೆಯಾಗಿ ಪರೀಕ್ಷಿಸುವ ಕ್ರಮದ ಬೇರು ಇಲ್ಲೇ ಇದೆ.

ಷರತ್ತು ಹಾಕಿದವರು

ಪರೀಕ್ಷೆಗೆ ಜಾಗ ಕೊಟ್ಟವರು ಇಪೊಲಿಟ್ ರೊಸಿನ್ಯೋಲ್ ಅನ್ನುವ ಪಶುವೈದ್ಯ. ಮೆಲನ್ ಪಕ್ಕದ ಪುಯಿ-ಲ-ಫೋರ್ ಹಳ್ಳಿಯಲ್ಲಿ ಅವರಿಗೆ ತೋಟವಿತ್ತು. ಅವರು ಪಾಶ್ಚರ್ ಪಕ್ಷದವರಲ್ಲ. ರೋಗಾಣುವಿನ ಮೇಲಿನ ಈ ಹೊಸ ಭಕ್ತಿಯನ್ನು ಅದೇ ವರ್ಷ ಜನವರಿಯಲ್ಲಿ ಪಶುವೈದ್ಯ ಪತ್ರಿಕೆಯಲ್ಲಿ ಗೇಲಿ ಮಾಡಿದ್ದರು. ಪ್ರಯೋಗಾಲಯದ ಮಾತು ಸಾಕು, ಬಯಲಲ್ಲಿ ಎಲ್ಲರ ಎದುರು ತೋರಿಸಲಿ ಅನ್ನುವುದು ಅವರ ಸವಾಲು. ಸಂಘದ ಅಧ್ಯಕ್ಷ ಬ್ಯಾರನ್ ದ ಲಾ ರೊಶೆಟ್ ಆ ಸವಾಲನ್ನು ಪಾಶ್ಚರ್ ಹತ್ತಿರ ಒಯ್ದರು. ಪಾಶ್ಚರ್ ತಕ್ಷಣ ಒಪ್ಪಿಬಿಟ್ಟರು.

ಅವರ ಸಹಾಯಕರಿಗೆ ಗಾಬರಿಯಾಯಿತು. ಎಮಿಲ್ ರೂ, ಶಾರ್ಲ್ ಶಾಂಬರ್ಲಾಂ, ಲೂಯಿ ಥುಯಿಲಿಯೇ – ಕುರಿಗಳ ಜೊತೆ ನಿಜವಾಗಿ ಕೆಲಸ ಮಾಡುತ್ತಿದ್ದವರು ಈ ಮೂವರು. ಇಷ್ಟು ಬಿಗಿ ಷರತ್ತಿಗೆ, ಹಿಂದೆ ಸರಿಯಲು ದಾರಿಯೇ ಇಲ್ಲದ ಹಾಗೆ ಸಹಿ ಹಾಕಿದ್ದು ಅವರಿಗೆ ಸರಿ ಅನ್ನಿಸಲಿಲ್ಲ. ಪ್ರಯೋಗಾಲಯದಲ್ಲಿ 14 ಕುರಿಗಳಲ್ಲಿ ಆದದ್ದು ಮೆಲನ್‌ನಲ್ಲಿ 50 ಕುರಿಗಳಲ್ಲೂ ಆಗುತ್ತದೆ ಅನ್ನುವುದು ಪಾಶ್ಚರ್ ಉತ್ತರವಾಗಿತ್ತು ಅಂತ ರೂ ಆಮೇಲೆ ನೆನಪಿಸಿಕೊಂಡಿದ್ದಾರೆ. ಯೋಚಿಸಿ ನೋಡಿ, 14ರಲ್ಲಿ ಒಂದೂ ಸಾಯದಿದ್ದರೆ 50ರಲ್ಲೂ ಒಂದೂ ಸಾಯುವುದಿಲ್ಲ ಅಂತ ಲೆಕ್ಕ ಹೇಳುವುದಿಲ್ಲ. ಹತ್ತರಲ್ಲಿ ಒಂದು ಕುರಿಗೆ ಲಸಿಕೆ ಹಿಡಿಯದೆ ಹೋಗುವ ಪಕ್ಷವಿದ್ದರೂ 14 ಕುರಿಗಳ ಗುಂಪಿನಲ್ಲಿ ಅದು ಕಾಣದೆ ಇರಲು ಐದರಲ್ಲಿ ಒಂದಕ್ಕಿಂತ ಜಾಸ್ತಿ ಸಾಧ್ಯತೆ ಇದೆ. ಸಹಾಯಕರ ಭಯಕ್ಕೆ ಆಧಾರವಿತ್ತು.

ಕೊನೆಗೆ ಸಂಘದವರ ಕೋರಿಕೆಯಂತೆ ಎರಡು ಕುರಿಯ ಬದಲು ಎರಡು ಮೇಕೆ ಬಂದವು. 10 ದನಗಳೂ ಸೇರಿದವು. ದನಗಳ ಮೇಲೆ ತಮ್ಮ ಕೆಲಸ ಕುರಿಗಳಷ್ಟು ಮುಂದುವರಿದಿಲ್ಲ ಅಂತ ಪಾಶ್ಚರ್ ಮೊದಲೇ ಎಚ್ಚರಿಸಿದ್ದರು. ಆ ಪ್ರಾಮಾಣಿಕತೆಯನ್ನು ಗುರುತಿಸಬೇಕು.

ಮೇ 5ರಿಂದ ಜೂನ್ 2

ಮೇ 5ರಂದು 24 ಕುರಿ, 1 ಮೇಕೆ, 6 ದನಗಳಿಗೆ ಮೊದಲ ಡೋಸು ಹಾಕಿದರು. ಪ್ರಾವಾ ಸಿರಿಂಜಿನಲ್ಲಿ ತಲಾ ಐದು ಹನಿ, ಚರ್ಮದ ಕೆಳಗೆ. ಕುರಿಗಳಿಗೆ ಬಲದೊಡೆಯ ಒಳಭಾಗದಲ್ಲಿ. ಲಸಿಕೆ ಹಾಕಿದ ಕುರಿಗಳ ಕಿವಿಗೆ ತೂತು ಹೊಡೆದು ಗುರುತು ಮಾಡಿದರು. ಮೇ 17ರಂದು ಎರಡನೇ ಡೋಸು, ಮೊದಲಿನದಕ್ಕಿಂತ ಬಲವಾದದ್ದು. ನಡುವೆ ದಿನವೂ ಕುರಿಗಳ ಮೈ ಬಿಸಿ ನೋಡಿ ಬರೆದಿಟ್ಟರು.

ಮೇ 31 ನಿಜವಾದ ಪರೀಕ್ಷೆಯ ದಿನ. ಅವತ್ತು ಬಳಸಿದ ರೋಗಾಣು 1877ರ ಮಾರ್ಚ್ 21ರಿಂದ ಪಾಶ್ಚರ್ ಪ್ರಯೋಗಾಲಯದಲ್ಲಿ ಇಟ್ಟಿದ್ದ ಬೀಜಕಗಳಿಂದ ಬೆಳೆಸಿದ್ದು. ನಾಲ್ಕು ವರ್ಷ ಇಟ್ಟರೂ ಅದರ ಬಲ ಒಂದಿಷ್ಟೂ ತಗ್ಗಿರಲಿಲ್ಲ.

ಅಲ್ಲಿ ನೆರೆದ ಪಶುವೈದ್ಯರು ಸುಮ್ನೆ ನಿಂತು ನೋಡಲಿಲ್ಲ. ಅವರಲ್ಲಿ ಬಿಯೋ ಅನ್ನುವವರಿಗೆ ಆಲ್ಫೋರ್ ಪಶುವೈದ್ಯ ಶಾಲೆಯ ಪ್ರಾಧ್ಯಾಪಕ ಕೊಲ್ಯಾಂ ಮೊದಲೇ ಒಂದು ಎಚ್ಚರಿಕೆ ಹೇಳಿ ಕಳಿಸಿದ್ದರು. ದ್ರವ ನಿಂತರೆ ರೋಗಾಣು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಲಸಿಕೆ ಪಡೆದ ಕುರಿಗೂ ತಳದ ಗಟ್ಟಿಯನ್ನು ಲಸಿಕೆ ಇಲ್ಲದ ಕುರಿಗೂ ಹಾಕಿದರೆ ಯಾರಿಗೂ ತಿಳಿಯದ ಹಾಗೆ ಫಲಿತಾಂಶ ತಿರುಗಿಬಿಡುತ್ತದೆ. ಆದ್ದರಿಂದ ಚುಚ್ಚುವ ಮೊದಲು ಕೊಳವೆಯನ್ನು ಚೆನ್ನಾಗಿ ಕುಲುಕಲು ಬಿಯೋ ಹೇಳಿದರು. ಕುಲುಕಿದರು. ಇನ್ನೊಬ್ಬರು ಮೂರು ಪಟ್ಟು ಡೋಸು ಹಾಕಲು ಕೇಳಿದರು. ಹಾಕಿದರು. ಲಸಿಕೆ ಪಡೆದದ್ದಕ್ಕೆ ಒಂದು, ಪಡೆಯದ್ದಕ್ಕೆ ಒಂದು, ಹೀಗೆ ಸರದಿಯಲ್ಲಿ ಚುಚ್ಚಲು ಕೇಳಿದರು. ಅದನ್ನೂ ಹಾಗೇ ಮಾಡಿದರು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದೇ. ಅನುಮಾನವನ್ನು ಅವಮಾನ ಅಂದುಕೊಳ್ಳದೆ, ಪ್ರತಿಯೊಂದು ಅನುಮಾನವನ್ನೂ ಒಂದು ಕೆಲಸವಾಗಿ ಮಾಡಿ ತೋರಿಸಿದರು.

ಜೂನ್ 1ರಂದು ಲಸಿಕೆ ಪಡೆದ ಕೆಲವು ಕುರಿಗಳಿಗೂ ಜ್ವರ ಬಂತು ಅನ್ನುವ ಸುದ್ದಿ ಪ್ಯಾರಿಸ್ ತಲುಪಿತು. ಪಾಶ್ಚರ್ ಕಂಗಾಲಾದರು, ರೂ ಮೇಲೆ ಎಲ್ಲರೆದುರು ರೇಗಿದರು ಅಂತ ಆಪ್ತರು ಬರೆದಿದ್ದಾರೆ. ಮರುದಿನ ಬೆಳಿಗ್ಗೆ ರೊಸಿನ್ಯೋಲ್ ಅವರಿಂದ ತಂತಿ ಬಂತು, ಯಶಸ್ಸು ಬೆರಗು ಹುಟ್ಟಿಸುವಂಥದ್ದು ಅಂತ. ಗೇಲಿ ಮಾಡಿದ್ದ ಮನುಷ್ಯನೇ ಕಳಿಸಿದ ತಂತಿ ಅದು.

ಜೂನ್ 2ರ ಮಧ್ಯಾಹ್ನ 2 ಗಂಟೆಗೆ ಪಾಶ್ಚರ್ ತೋಟಕ್ಕೆ ಬಂದಾಗ ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಅಧಿಕಾರಿಗಳು, ರೈತರು, ಪಶುವೈದ್ಯರು, ಲಂಡನ್ನಿನ ಟೈಮ್ಸ್ ಪತ್ರಿಕೆಯ ಪ್ಯಾರಿಸ್ ವರದಿಗಾರ ದ ಬ್ಲೋವಿಟ್ಸ್ ಕೂಡ. ಲಸಿಕೆ ಇಲ್ಲದ 24 ಕುರಿಗಳಲ್ಲಿ 21 ಸತ್ತು ಬಿದ್ದಿದ್ದವು. ಮೇಕೆಯೂ ಸತ್ತಿತ್ತು. ಇನ್ನೆರಡು ಕುರಿ ಜನ ನೋಡುತ್ತಿರುವಾಗಲೇ ಸತ್ತವು. ಕೊನೆಯದು ಸಂಜೆಯೊಳಗೆ ಸತ್ತಿತು. ಲಸಿಕೆ ಪಡೆದ 24 ಕುರಿಗಳೂ ಮೇಕೆಯೂ ನಿಂತಿದ್ದವು. ಲಸಿಕೆ ಇಲ್ಲದ 4 ದನಗಳಿಗೆ ಚುಚ್ಚಿದ ಜಾಗದಲ್ಲಿ ದೊಡ್ಡ ಬಾವು ಬಂದು ಜ್ವರವೂ ಏರಿತ್ತು, ಆದರೆ ಯಾವುದೂ ಸಾಯಲಿಲ್ಲ. ಲಸಿಕೆ ಪಡೆದ 6 ದನಗಳಿಗೆ ಬಾವೂ ಇಲ್ಲ, ಜ್ವರವೂ ಇಲ್ಲ.

ಜೂನ್ 3ರಂದು ಲಸಿಕೆ ಪಡೆದ ಒಂದು ಹೆಣ್ಣು ಕುರಿ ಸತ್ತಿತು. ಅದು ಗಬ್ಬವಾಗಿತ್ತು. ರೊಸಿನ್ಯೋಲ್ ಮತ್ತು ಸೇನೆಯ ಪಶುವೈದ್ಯ ಗಾರೂಸ್ತ್ ಕೊಯ್ದು ನೋಡಿದರು. ಹೊಟ್ಟೆಯೊಳಗಿನ ಮರಿ ಸತ್ತು ಆಗಲೇ ದಿನಗಳಾಗಿದ್ದವು, ಅದರಿಂದ ತಾಯಿ ಸತ್ತಿದೆ ಅಂತ ಬರೆದರು. ಲೆಕ್ಕ ಕೆಡಿಸಬಹುದಾಗಿದ್ದ ಈ ಒಂದು ಸಾವನ್ನು ಪಾಶ್ಚರ್ ಕಡೆಯವರು ತೀರ್ಮಾನಿಸಿದ್ದರೆ ಇವತ್ತಿಗೂ ಅನುಮಾನ ಉಳಿಯುತ್ತಿತ್ತು. ಸವಾಲು ಹಾಕಿದವರೇ ಚಾಕು ಹಿಡಿದದ್ದರಿಂದ ಆ ಅನುಮಾನ ಅಲ್ಲೇ ತೀರಿತು.

ಲೆಕ್ಕ ಎಷ್ಟು ಗಟ್ಟಿ?

ಕುರಿಗಳ ಲೆಕ್ಕವನ್ನು ಹೀಗೆ ನೋಡೋಣ. ಆಂಥ್ರಾಕ್ಸ್‌ನಿಂದ ಸತ್ತದ್ದು 48ರಲ್ಲಿ 24. ಲಸಿಕೆಯಿಂದ ಏನೂ ಉಪಯೋಗವಿಲ್ಲ ಅಂದುಕೊಳ್ಳಿ. ಆಗ ಸತ್ತ ಅಷ್ಟೂ ಕುರಿಗಳು ಕಾಕತಾಳೀಯವಾಗಿ ಲಸಿಕೆ ಇಲ್ಲದ ಗುಂಪಿನಲ್ಲೇ ಬೀಳುವ ಸಾಧ್ಯತೆ ಸುಮಾರು 32 ಲಕ್ಷ ಕೋಟಿಯಲ್ಲಿ ಒಂದು. ಗಬ್ಬದ ಕುರಿಯನ್ನೂ ಲಸಿಕೆಯ ಸೋಲು ಅಂತಲೇ ಎಣಿಸಿದರೂ ತೀರ್ಮಾನ ಅಲುಗಾಡುವುದಿಲ್ಲ.

ಇವತ್ತಿನ ಕಣ್ಣಿನಲ್ಲಿ ನೋಡಿದರೆ ಕೊರತೆಗಳು ಇವೆ. ಯಾವ ಕುರಿ ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಬೇಕು ಅನ್ನುವ ನಿಯಮ ಆಗ ಇರಲಿಲ್ಲ. ಕಿವಿಯ ತೂತು ಎಲ್ಲರಿಗೂ ಕಾಣುತ್ತಿತ್ತು, ಹಾಗಾಗಿ ನೋಡುವವರಿಗೆ ಯಾವುದು ಯಾವುದು ಅಂತ ಗೊತ್ತಿತ್ತು. ಬಾವು ಎಷ್ಟು ದೊಡ್ಡದು ಅನ್ನುವಂಥ ವಿಷಯದಲ್ಲಿ ಇದು ದಾರಿ ತಪ್ಪಿಸಬಹುದು. ಸಾವಿನ ವಿಷಯದಲ್ಲಿ ಅಷ್ಟು ತೊಂದರೆ ಇಲ್ಲ, ಸತ್ತ ಕುರಿಯನ್ನು ಬದುಕಿದೆ ಅಂತ ಯಾರೂ ನೋಡಲಾರರು. ದನಗಳ ಗುಂಪು ಮಾತ್ರ ತೀರಾ ಚಿಕ್ಕದು. ಅಲ್ಲಿ ಸಾವೂ ಇಲ್ಲದ್ದರಿಂದ ಲಸಿಕೆ ದನಗಳ ಜೀವ ಉಳಿಸುತ್ತದೆ ಅಂತ ಈ ಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ಬಾವು, ಜ್ವರ ತಡೆಯಿತು ಅಂತ ಮಾತ್ರ ಹೇಳಬಹುದು.

ಇನ್ನೊಂದು ಮಾತು. ಆ 24 ಕುರಿಗಳೂ ಒಂದು ಮೇಕೆಯೂ ಸಾಯಲೆಂದೇ ಅಲ್ಲಿ ಇದ್ದವು. ಅವು ಸಾಯದಿದ್ದರೆ ಉಳಿದ 24 ಬದುಕಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎರಡು ದಿನ ಜ್ವರದಲ್ಲಿ ನಡುಗಿ ಸತ್ತ ಆ ಪ್ರಾಣಿಗಳ ನೋವನ್ನು ಕಡಿಮೆ ಮಾಡಲು ಅವತ್ತು ಯಾರೂ ಏನೂ ಮಾಡಲಿಲ್ಲ, ಮಾಡಬೇಕು ಅಂತ ಯಾರೂ ಕೇಳಲೂ ಇಲ್ಲ. ಇವತ್ತು ಇಂಥ ಪರೀಕ್ಷೆಗೆ ನೈತಿಕ ಸಮಿತಿಯ ಅನುಮತಿ ಬೇಕು. ಪ್ರಾಣಿ ಇನ್ನು ಚೇತರಿಸಿಕೊಳ್ಳುವುದಿಲ್ಲ ಅಂತ ಖಚಿತವಾದ ಹಂತದಲ್ಲಿ ನೋವಿಲ್ಲದ ಸಾವು ಕೊಡಬೇಕು ಅನ್ನುವ ನಿಯಮ ಬಂದಿದೆ. ಇದು ತಡವಾಗಿ ಬಂದ ಒಳ್ಳೆಯ ನಿಯಮ.

ಸೀಸೆಯೊಳಗೆ ಇದ್ದದ್ದು

ಈಗ ಆ ತೂತಿನ ವಿಷಯ. ಗಾಳಿ ಮತ್ತು 42–43 ಡಿಗ್ರಿ ಬಿಸಿಯಿಂದ ದುರ್ಬಲಗೊಳಿಸಿದ ರೋಗಾಣುವೇ ಪುಯಿ-ಲ-ಫೋರ್ ಲಸಿಕೆ ಅಂತ ಕೇಳಿದವರೆಲ್ಲ ತಿಳಿದುಕೊಂಡರು. ಪಾಶ್ಚರ್ ಜೂನ್ ತಿಂಗಳಲ್ಲಿ ಅಕಾಡೆಮಿಗೆ ವರದಿ ಕೊಟ್ಟ ರೀತಿಯೂ ಹಾಗೇ ಅರ್ಥ ಕೊಡುತ್ತಿತ್ತು. ನಿಜವಾಗಿ ಚುಚ್ಚಿದ್ದು ಶಾಂಬರ್ಲಾಂ ತಯಾರಿಸಿದ ಬೇರೆ ಲಸಿಕೆ. ಪೊಟ್ಯಾಸಿಯಂ ಬೈಕ್ರೋಮೇಟ್ ಅನ್ನುವ ರಾಸಾಯನಿಕ ಬೆರೆಸಿ ದುರ್ಬಲಗೊಳಿಸಿದ ರೋಗಾಣು ಅದು. ಆ ವಸಂತದಲ್ಲಿ ಪ್ರಯೋಗಾಲಯದ ಕುರಿಗಳಲ್ಲಿ ಗಾಳಿಯ ಲಸಿಕೆಗಿಂತ ಈ ಲಸಿಕೆ ಹೆಚ್ಚು ಭರವಸೆ ಕೊಟ್ಟಿತ್ತು. ಬಹಿರಂಗ ಪರೀಕ್ಷೆಗೆ ಅದನ್ನೇ ಆರಿಸಿದರು.

ಪಾಶ್ಚರ್ ಹೆಂಡತಿಯ ಕಡೆಯ ಸಂಬಂಧಿ, ಅವರ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದ ಆದ್ರಿಯಾಂ ಲ್ವಾರ್ 1938ರಲ್ಲಿ ಈ ವಿಷಯ ಬರೆದರು. ಹೆಚ್ಚು ಜನ ಕಿವಿಗೊಡಲಿಲ್ಲ. ಪಾಶ್ಚರ್ ಅವರ ಪ್ರಯೋಗ ಪುಸ್ತಕಗಳನ್ನು ಮೊಮ್ಮಗ 1964ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟ ಮೇಲೆ ಸಂಶೋಧಕರಿಗೆ ಅವನ್ನು ಓದಲು ದಾರಿಯಾಯಿತು. ಬೈಕ್ರೋಮೇಟ್ ಲಸಿಕೆಯ ವಿವರ ಪಾಶ್ಚರ್ ಕೈಬರಹದಲ್ಲೇ ಸಿಕ್ಕಿತು. ಇತಿಹಾಸಕಾರ ಜೆರಾಲ್ಡ್ ಗೈಸನ್ 1995ರಲ್ಲಿ ಇದನ್ನು ವಿಸ್ತಾರವಾಗಿ ಜನರ ಮುಂದಿಟ್ಟರು.

ಕುರಿಗಳು ಬದುಕಿದವು ಅನ್ನುವುದು ಸುಳ್ಳಲ್ಲ. ಲಸಿಕೆ ಕೆಲಸ ಮಾಡಿತು ಅನ್ನುವುದೂ ಸುಳ್ಳಲ್ಲ. ಆದರೆ ಯಾವ ಲಸಿಕೆ ಅನ್ನುವುದು ತಪ್ಪಾಗಿ ದಾಖಲಾಯಿತು. ವಿಜ್ಞಾನದ ಪರೀಕ್ಷೆಯಲ್ಲಿ ಇದು ಸಣ್ಣ ವಿಷಯವಲ್ಲ. ಬೇರೆ ಯಾರಾದರೂ ಆ ವರದಿ ಓದಿ ಗಾಳಿಯ ವಿಧಾನದಲ್ಲಿ ಲಸಿಕೆ ಮಾಡಿ ಅದೇ ಫಲ ನಿರೀಕ್ಷಿಸಿದ್ದರೆ ಅವರಿಗೆ ಸಿಗುವುದು ಬೇರೆ ವಸ್ತು. ಜೊತೆಗೆ ಇದರಲ್ಲಿ ಒಬ್ಬ ಮನುಷ್ಯನಿಗೆ ಆದ ಅನ್ಯಾಯವೂ ಇದೆ. ರಾಸಾಯನಿಕ ಬೆರೆಸಿ ರೋಗಾಣುವಿನ ಬಲ ತಗ್ಗಿಸುವ ದಾರಿಯಲ್ಲಿ ಕಾರ್ಬಾಲಿಕ್ ಆಮ್ಲ ಹಿಡಿದು ಮುಂಚೆ ನಡೆದವರು ತೂಸಾಂ. ಗೆದ್ದ ಲಸಿಕೆ ಅವರ ದಾರಿಗೆ ಹತ್ತಿರವಿತ್ತು ಅನ್ನುವುದು ಗೊತ್ತಾಗಿದ್ದರೆ ಅವರಿಗೆ ಸಲ್ಲಬೇಕಾದ ಗೌರವ ಬದುಕಿರುವಾಗಲೇ ಸಲ್ಲುತ್ತಿತ್ತು. ತೂಸಾಂ ಅದಾದ ಸ್ವಲ್ಪ ಕಾಲದಲ್ಲೇ ಮಾನಸಿಕವಾಗಿ ಕುಸಿದು, 1890ರಲ್ಲಿ 43ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊಳವೆ ಕುಲುಕಿ ಅಂದವರು, ಮೂರು ಪಟ್ಟು ಡೋಸು ಕೇಳಿದವರು, ಸರದಿ ಕೇಳಿದವರು ಲಸಿಕೆಯ ಒಂದು ಸೀಸೆಯನ್ನು ಮೊಹರು ಮಾಡಿ ನಮ್ಮ ಹತ್ತಿರ ಕೊಡಿ ಅಂತ ಕೇಳಿದ್ದರೆ? ಆ ಕಾಲಕ್ಕೆ ಅದು ಅತಿಯಾದ ಬೇಡಿಕೆ ಆಗುತ್ತಿರಲಿಲ್ಲ. ಅವರ ಅನುಮಾನವೆಲ್ಲ ರೋಗಾಣು ಚುಚ್ಚುವ ಕೈಯ ಮೇಲಿತ್ತು, ಲಸಿಕೆ ತಯಾರಿಸಿದ ಕೈಯ ಮೇಲಿರಲಿಲ್ಲ. ಇಂದು ಪ್ರತಿ ಬ್ಯಾಚಿನ ಮಾದರಿಯನ್ನು ಎತ್ತಿಡುತ್ತಾರೆ, ತಯಾರಿಕೆಯ ಪ್ರತಿ ಹೆಜ್ಜೆಯನ್ನೂ ನಿಯಂತ್ರಣ ಸಂಸ್ಥೆಗೆ ಬರೆದು ಕೊಡಬೇಕು. ಈ ಪ್ರಕರಣದಲ್ಲಿ ಇಲ್ಲದ್ದು ಇದೇ.

ಒಂದು ಬಯಲು ಹೇಳದೆ ಬಿಟ್ಟದ್ದು

ಎರಡನೇ ಡೋಸು ಆದ ಎರಡು ವಾರಕ್ಕೆ ರೋಗಾಣು ಚುಚ್ಚಿದರು. ಹಾಗಾಗಿ ರಕ್ಷಣೆ ಎಷ್ಟು ಕಾಲ ಇರುತ್ತದೆ ಅನ್ನುವುದು ಆ ಪರೀಕ್ಷೆಯಿಂದ ತಿಳಿಯಲಿಲ್ಲ. ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು ಅನ್ನುವುದು ಆಮೇಲೆ ಅನುಭವದಿಂದ ಬಂದ ಮಾತು. ಇನ್ನೊಂದು, ಕುರಿಗೆ ಹೊಲದಲ್ಲಿ ರೋಗ ಬರುವುದು ಮುಖ್ಯವಾಗಿ ಮೇವಿನ ಜೊತೆ ಬಾಯಿಯ ಮೂಲಕ. ತೊಡೆಗೆ ಚುಚ್ಚಿದ ಸೋಂಕು ಅದಕ್ಕೆ ಸಮ ಅಲ್ಲ.

1882ರ ಮಾರ್ಚ್‌ನಲ್ಲಿ ಇಟಲಿಯ ಟ್ಯೂರಿನ್ ಪಶುವೈದ್ಯ ಶಾಲೆಯವರು ಇದೇ ಪರೀಕ್ಷೆ ಮಾಡಿದರು. ಲಸಿಕೆ ಪಡೆದ ಕುರಿ, ಪಡೆಯದ ಕುರಿ, ಎಲ್ಲವೂ ಸತ್ತವು. ಲಸಿಕೆ ನಿಷ್ಪ್ರಯೋಜಕ ಅಂತ ಅವರು ಘೋಷಿಸಿದರು. ಟ್ಯೂರಿನ್‌ನವರ ವರದಿ ಓದಿದ ಪಾಶ್ಚರ್ ಅದರಲ್ಲಿ ಒಂದು ಸಾಲು ಹಿಡಿದರು. ಸೋಂಕು ಕೊಡಲು ಬಳಸಿದ ರಕ್ತ ಸತ್ತು ಒಂದು ದಿನಕ್ಕೂ ಮೀರಿದ ಕುರಿಯದು. ಅಷ್ಟರಲ್ಲಿ ಹೆಣದ ಕರುಳಿನಿಂದ ಬೇರೆ ರೋಗಾಣುಗಳು ರಕ್ತಕ್ಕೆ ಇಳಿದಿರುತ್ತವೆ, ಕುರಿಗಳನ್ನು ಕೊಂದದ್ದು ಆ ನಂಜು ಅಂತ ವಾದಿಸಿದರು. ಟ್ಯೂರಿನ್‌ನವರು ಒಪ್ಪಲಿಲ್ಲ, ಜಗಳ ಬಹಳ ದಿನ ನಡೆಯಿತು. ನನ್ನ ಮಟ್ಟಿಗೆ ಪಾಶ್ಚರ್ ವಾದದಲ್ಲಿ ತಿರುಳಿದೆ. ಲಸಿಕೆ ಎಷ್ಟು ಶುದ್ಧವಾಗಿರಬೇಕೋ ಪರೀಕ್ಷೆಗೆ ಬಳಸುವ ರೋಗಾಣುವೂ ಅಷ್ಟೇ ಶುದ್ಧವಾಗಿರಬೇಕು. ಅದೇ ವರ್ಷ ಕಾಖ್ ಕೂಡ ಪಾಶ್ಚರ್ ಲಸಿಕೆಯ ಮೇಲೆ ಕಟುವಾಗಿ ಬರೆದರು. ಕೆಲವು ಬ್ಯಾಚು ಬಲ ಜಾಸ್ತಿಯಾಗಿ ಕುರಿಯನ್ನೇ ಕೊಲ್ಲುತ್ತಿತ್ತು, ಕೆಲವು ಬಲ ಸಾಲದೆ ರಕ್ಷಣೆ ಕೊಡುತ್ತಿರಲಿಲ್ಲ. ಆ ಟೀಕೆಯಲ್ಲಿ ಸತ್ಯವಿತ್ತು.

ಆದರೂ ಲಸಿಕೆ ಹರಡಿತು. 1894ರಲ್ಲಿ ಶಾಂಬರ್ಲಾಂ 12 ವರ್ಷದ ಲೆಕ್ಕ ಕೊಟ್ಟರು. ಫ್ರಾನ್ಸಿನಲ್ಲಿ ಸುಮಾರು 33 ಲಕ್ಷ ಕುರಿಗಳಿಗೆ ಲಸಿಕೆ ಬಿದ್ದಿತ್ತು. ಸಾವಿನ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆ. ಮುಂಚೆ ಅದು ಶೇಕಡ 10ರ ಹತ್ತಿರ ಇತ್ತು. ಇವು ಹೋಲಿಕೆ ಗುಂಪು ಇಲ್ಲದೆ, ಲಸಿಕೆ ಮಾಡುವವರೇ ಕೂಡಿಸಿದ ಅಂಕಿಗಳು. ಪುಯಿ-ಲ-ಫೋರ್‌ನ 48 ಕುರಿಗಳಷ್ಟು ಬಿಗಿಯಾದ ಸಾಕ್ಷ್ಯ ಅಲ್ಲ. ಆದರೆ ನೂರಕ್ಕೆ ಹತ್ತು ಕುರಿ ಕಳೆದುಕೊಳ್ಳುತ್ತಿದ್ದ ರೈತನಿಗೆ ಒಂದಕ್ಕೆ ಇಳಿದದ್ದು ಕಣ್ಣಿಗೆ ಕಾಣುವ ಬದಲಾವಣೆ, ಅಲ್ವಾ?

ಬ್ಯಾಚಿನಿಂದ ಬ್ಯಾಚಿಗೆ ಬಲ ಏಕೆ ಏರುಪೇರಾಗುತ್ತಿತ್ತು ಅನ್ನುವುದು ನೂರು ವರ್ಷದ ನಂತರ ಬಿಡಿಸಿಕೊಂಡಿತು. ಆಂಥ್ರಾಕ್ಸ್ ರೋಗಾಣುವಿನಲ್ಲಿ ಎರಡು ಪ್ಲಾಸ್ಮಿಡ್‌ಗಳಿವೆ, ಅಂದರೆ ಮುಖ್ಯ ವಂಶವಾಹಿಯಿಂದ ಬೇರೆಯಾಗಿರುವ ಡಿಎನ್‌ಎ ಉಂಗುರಗಳು. ಒಂದು ವಿಷ ತಯಾರಿಸುವುದು, ಇನ್ನೊಂದು ರೋಗಾಣುವಿನ ಸುತ್ತ ಹೊದಿಕೆ ಕಟ್ಟುವುದು. 42–43 ಡಿಗ್ರಿಯಲ್ಲಿ ಬೆಳೆಸಿದರೆ ವಿಷದ ಪ್ಲಾಸ್ಮಿಡ್ ಕಳೆದುಹೋಗುತ್ತದೆ. ರಕ್ಷಣೆ ಹುಟ್ಟಿಸುವ ಪ್ರೋಟೀನು ಇರುವುದೂ ಅದರಲ್ಲೇ. ಪೂರ್ತಿ ಕಳೆದುಹೋದರೆ ಲಸಿಕೆಗೆ ಬೆಲೆಯೇ ಇಲ್ಲ, ಕಳೆಯದೆ ಉಳಿದ ರೋಗಾಣು ಜಾಸ್ತಿಯಿದ್ದರೆ ಕುರಿಗೆ ಅಪಾಯ. ಎರಡರ ಮಿಶ್ರಣ ಹೇಗಿದೆಯೋ ಹಾಗೆ ಫಲ. 1937ರಲ್ಲಿ ದಕ್ಷಿಣ ಆಫ್ರಿಕಾದ ಆಂಡರ್‌ಸ್ಟೆಪೂರ್ಟ್ ಸಂಸ್ಥೆಯ ಮ್ಯಾಕ್ಸ್ ಸ್ಟರ್ನ್ ಇದಕ್ಕೆ ಉತ್ತರ ಕಂಡುಕೊಂಡರು. ಹೊದಿಕೆ ಕಟ್ಟಲಾರದ, ವಿಷ ಮಾತ್ರ ಮಾಡುವ ತಳಿಯನ್ನು ಬೇರ್ಪಡಿಸಿದರು. 34ಎಫ್2 ಅನ್ನುವ ಆ ತಳಿಯೇ ಇವತ್ತಿಗೂ ಜಗತ್ತಿನ ಬಹುಪಾಲು ಜಾನುವಾರು ಲಸಿಕೆಗೆ ಆಧಾರ.

ಅದೇ ಪ್ರಶ್ನೆ, ಮನುಷ್ಯರ ಲಸಿಕೆಯಲ್ಲಿ

ಮನುಷ್ಯರ ಲಸಿಕೆಗೆ ಬಂದಾಗ ಮೆಲನ್ ಒಪ್ಪಂದದಂಥ ಒಪ್ಪಂದ ಸಾಧ್ಯವೇ ಇಲ್ಲ. ಉಸಿರಿನ ಮೂಲಕ ಬರುವ ಆಂಥ್ರಾಕ್ಸ್ ತೀರಾ ಅಪರೂಪ, ಬಂದು ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಸಾವು. ಅದನ್ನು ಯಾರಿಗೂ ಬೇಕಂತಲೇ ಕೊಡುವ ಹಾಗಿಲ್ಲ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಕವರುಗಳಲ್ಲಿ ಬೀಜಕ ಕಳಿಸಿದಾಗ 22 ಜನರಿಗೆ ರೋಗ ಬಂತು, 5 ಜನ ಸತ್ತರು. ಮರುವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಾಣಿಗಳ ಪರೀಕ್ಷೆಯ ಆಧಾರದ ಮೇಲೆಯೇ ಔಷಧ, ಲಸಿಕೆಗಳಿಗೆ ಒಪ್ಪಿಗೆ ಕೊಡುವ ನಿಯಮ ತಂದಿತು. ಬಯೋಥ್ರಾಕ್ಸ್ ಅನ್ನುವ ಮನುಷ್ಯರ ಆಂಥ್ರಾಕ್ಸ್ ಲಸಿಕೆಗೆ ಬೀಜಕ ಸೋಕಿದ ಮೇಲೆ ಆಂಟಿಬಯೋಟಿಕ್ ಜೊತೆ ಬಳಸಲು 2015ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆ ನಿಯಮದಡಿ ಒಪ್ಪಿಗೆ ಪಡೆದ ಮೊದಲ ಲಸಿಕೆ ಅದು.

ಅಲ್ಲಿ ಲೆಕ್ಕ ಹೀಗೆ ನಡೆಯುತ್ತದೆ. ಮೊಲ ಮತ್ತು ಕೋತಿಗಳಿಗೆ ಬೇರೆಬೇರೆ ಪ್ರಮಾಣದ ಲಸಿಕೆ ಕೊಟ್ಟು, ರಕ್ತದಲ್ಲಿ ಆಂಥ್ರಾಕ್ಸ್ ವಿಷವನ್ನು ತಡೆಯುವ ಪ್ರತಿಕಾಯ ಎಷ್ಟು ಬಂದಿದೆ ಅಂತ ಅಳೆಯುತ್ತಾರೆ. ಆಮೇಲೆ ಗಾಳಿಯ ಮೂಲಕ ಬೀಜಕ ಕೊಡುತ್ತಾರೆ. ಎಷ್ಟು ಪ್ರತಿಕಾಯ ಇದ್ದ ಪ್ರಾಣಿಗಳು ಬದುಕಿದವು ಅನ್ನುವುದು ಸಿಗುತ್ತದೆ. ಲಸಿಕೆ ಪಡೆದ ಮನುಷ್ಯರ ರಕ್ತದಲ್ಲೂ ಅಷ್ಟು ಪ್ರತಿಕಾಯ ಬಂದಿದೆಯಾ ಅಂತ ನೋಡುತ್ತಾರೆ. ಇಲ್ಲಿ ಪ್ರಾಣಿಯ ಆಯ್ಕೆಯೇ ದೊಡ್ಡ ವಿಷಯ. ಗಿನಿಪಿಗ್‌ಗಳಲ್ಲಿ ಪ್ರತಿಕಾಯದ ಪ್ರಮಾಣಕ್ಕೂ ಬದುಕುವುದಕ್ಕೂ ಸರಿಯಾದ ಹೊಂದಾಣಿಕೆ ಸಿಗಲಿಲ್ಲ. ಮೊಲ ಮತ್ತು ಕೋತಿಗಳಲ್ಲಿ ಸಿಕ್ಕಿತು. 1881ರ ಪರೀಕ್ಷೆಯಲ್ಲಿ ಈ ತೊಡಕು ಇರಲಿಲ್ಲ. ಕುರಿಗೆ ಬೇಕಾದ ಲಸಿಕೆಯನ್ನು ಕುರಿಯಲ್ಲೇ ಪರೀಕ್ಷೆ ಮಾಡಿದರು.

ಜಾನುವಾರು ಲಸಿಕೆಯ ಬ್ಯಾಚ್ ಪರೀಕ್ಷೆಯಲ್ಲಿ ಗಿನಿಪಿಗ್ ಇನ್ನೂ ಇದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಕೈಪಿಡಿಯಂತೆ ಲಸಿಕೆ ಪಡೆದ ಗಿನಿಪಿಗ್‌ಗಳಿಗೂ ಪಡೆಯದವಕ್ಕೂ 17ಜೆಬಿ ಅನ್ನುವ ತಳಿಯ ರೋಗಾಣು ಚುಚ್ಚುತ್ತಾರೆ. ಲಸಿಕೆ ಪಡೆದವುಗಳಲ್ಲಿ ಕನಿಷ್ಠ ಶೇಕಡ 80 ಬದುಕಬೇಕು, ಪಡೆಯದವೆಲ್ಲ ಸಾಯಬೇಕು. ಆ 17ಜೆಬಿ ಪಾಶ್ಚರ್ ಎರಡನೇ ಡೋಸಿನ ಲಸಿಕೆಯ ತಳಿ. ದೊಡ್ಡ ಗಿನಿಪಿಗ್ಗನ್ನು ಕೊಲ್ಲುವಷ್ಟು ಬಲ, ಕುರಿಯನ್ನು ಕೊಲ್ಲದಷ್ಟು ಹದ ಅಂತ ಅವತ್ತು ಆರಿಸಿದ ಗುಣವೇ ಇವತ್ತು ಅದನ್ನು ಪರೀಕ್ಷೆಯ ರೋಗಾಣುವಾಗಿ ಉಳಿಸಿದೆ. ರಕ್ತದ ಪ್ರತಿಕಾಯ ಅಳೆದೇ ಬ್ಯಾಚಿನ ಗುಣ ಹೇಳುವ ವಿಧಾನಗಳು ಈಗ ಇವೆ. ಅವುಗಳಲ್ಲಿ ಪ್ರಾಣಿಗೆ ಲಸಿಕೆ ಕೊಡಬೇಕು, ಆದರೆ ರೋಗ ಕೊಡಬೇಕಾಗಿಲ್ಲ. ಬದುಕುಳಿಯುವುದಕ್ಕೂ ಆ ಅಳತೆಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿದ ಕಡೆಯಲ್ಲೆಲ್ಲ ಹೋಲಿಕೆ ಗುಂಪಿನ ಪ್ರಾಣಿಗಳನ್ನು ಸಾಯಿಸುವುದನ್ನು ನಿಲ್ಲಿಸಬೇಕು ಅನ್ನುವುದು ನನ್ನ ಖಚಿತ ನಿಲುವು.